ಕಾರವಾರ, ಶಿರಸಿ ಕಡೆ ಬಾಡಿಗೆಗೆ ಇರುವವರಿಗೆ: ಫಾರ್ವರ್ಡ್ ಆಗಿ ಬಂದ ಕಾನೂನು ಬೇರೆ, ಕೈಗೆ ಸಿಗುವ ಕಾನೂನು ಬೇರೆ

"ಹೊಸ ಬಾಡಿಗೆ ಕಾನೂನು ಜಾರಿ! ಇನ್ನು ಎರಡೇ ತಿಂಗಳ ಡೆಪಾಸಿಟ್, ಹೇಳದೆ ಕೇಳದೆ ಓನರ್ ಮನೆಯೊಳಗೆ ಬರುವ ಹಾಗಿಲ್ಲ, ನೀರು-ಕರೆಂಟ್ ತೆಗೆದರೆ ದಂಡ." ಇಂಥದೊಂದು ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ನಂಬಿಕೊಂಡು ಕಾರವಾರದ ನಂದನಗದ್ದಾದಲ್ಲೋ ಶಿರಸಿಯ ಯಲ್ಲಾಪುರ ನಾಕೆಯಲ್ಲೋ ಓನರ್ ಎದುರು ಹೋಗಿ ನಿಂತರೆ ನಿಮ್ಮ ಮಾತು ನಿಲ್ಲುವುದಿಲ್ಲ.

ಆ ಸಂದೇಶ ಹುಟ್ಟಿದ್ದು ‘ಮಾದರಿ ಬಾಡಿಗೆ ಕಾಯ್ದೆ’ಯಿಂದ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಅದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಮನೆ ಬಾಡಿಗೆಯ ವಿಷಯ ರಾಜ್ಯಗಳಿಗೆ ಸೇರಿದ್ದು, ಹಾಗಾಗಿ ಒಂದೊಂದು ರಾಜ್ಯವೂ ತನ್ನ ಕಾಯ್ದೆ ಮಾಡಿಕೊಂಡರೆ ಮಾತ್ರ ಅದು ಅಲ್ಲಿ ನಡೆಯುತ್ತದೆ. ಉತ್ತರ ಪ್ರದೇಶ, ಅಸ್ಸಾಂ ಮಾಡಿಕೊಂಡಿವೆ. ನಮ್ಮಲ್ಲಿ ನಡೆಯುತ್ತಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಮತ್ತು ಅದಕ್ಕಿಂತ ಎಷ್ಟೋ ಹಳೆಯದಾದ 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಹಾಗಂತ ಬೇಜಾರಾಗಬೇಕಿಲ್ಲ. ಮಾದರಿ ಕಾಯ್ದೆಯಲ್ಲಿ ಇರುವ ಒಳ್ಳೆಯ ಷರತ್ತುಗಳನ್ನು ನಿಮ್ಮ ಬಾಡಿಗೆ ಕರಾರಿನಲ್ಲಿ ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಮುಗಿಯಿತು, ಅದೇ ನಿಮ್ಮಿಬ್ಬರ ನಡುವಿನ ಕಾನೂನು. ಬೆಂಗಳೂರಿನಲ್ಲಿ ಮಸೂದೆ ಬರಲಿ ಅಂತ ಕಾಯುತ್ತ ಕೂರುವುದಕ್ಕಿಂತ ಇದು ಬೇಗ ಆಗುವ ಕೆಲಸ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆಯೇ.

1. ನಿಮ್ಮ ಮನೆ ಯಾವ ಕಾಯ್ದೆಗೆ ಸೇರುತ್ತದೆ ನೋಡಿಕೊಳ್ಳಿ

ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಎಲ್ಲ ಮನೆಗೂ ಅದು ಅನ್ವಯ ಆಗುವುದಿಲ್ಲ. ತಿಂಗಳ ಬಾಡಿಗೆಗೆ ಒಂದು ಮಿತಿ ಇದೆ: ಕಾಯ್ದೆಯ ಪಟ್ಟಿಯಲ್ಲಿ ಮೊದಲ ಭಾಗದಲ್ಲಿರುವ ಊರುಗಳಲ್ಲಿ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ. ಅದಕ್ಕಿಂತ ಜಾಸ್ತಿ ಬಾಡಿಗೆ ಇದ್ದರೆ ಆ ಕಾಯ್ದೆಯ ರಕ್ಷಣೆ ಇಲ್ಲ. ಈಗ ಹೇಳಿ, ಕಾರವಾರದಲ್ಲಿ ಎರಡು ಸಾವಿರಕ್ಕೆ ಎಂತ ಮನೆ ಸಿಗುತ್ತದೆ? ಸೀಬರ್ಡ್ ನೌಕಾನೆಲೆ, ಕೈಗಾ, ಮೆಡಿಕಲ್ ಕಾಲೇಜು ಅಂತ ಜನ ಬಂದು ಸೇರಿದ ಊರಲ್ಲಿ ಆ ರೇಟು ಎಂದೋ ಹೋಯಿತು. ಶಿರಸಿ, ಕುಮಟಾದಲ್ಲೂ ಅಷ್ಟೇ.

ಅಂಗಡಿ ಇಟ್ಟವರಿಗೆ ಸ್ವಲ್ಪ ಬೇರೆ. ವ್ಯಾಪಾರಕ್ಕೆ ಇರುವ ಜಾಗ 14 ಚದರ ಮೀಟರ್ ಒಳಗಿದ್ದರೆ ಬಾಡಿಗೆ ಕಾಯ್ದೆಯಿಂದ ಅದನ್ನು ಹೊರಗಿಟ್ಟಿಲ್ಲ. ಹಳೆ ಪೇಟೆಗಳ ಟೇಲರ್ ಅಂಗಡಿ, ವಾಚ್ ರಿಪೇರಿ, ಪಾನ್ ಅಂಗಡಿ ಎಷ್ಟೋ ಈ ಅಳತೆಯೊಳಗೆ ಬರುತ್ತವೆ. ಅಂಥವರು ಟೇಪ್ ಹಿಡಿದು ಅಳತೆ ಮಾಡಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಈ ಕಾಯ್ದೆಯಡಿ ಬಿಡಿಸಬೇಕಾದರೆ ಬಾಡಿಗೆ ಬಾಕಿ, ಒಳಬಾಡಿಗೆ, ಮಾಲೀಕರಿಗೇ ನಿಜವಾಗಿ ಜಾಗ ಬೇಕಾಗಿದೆ ಅನ್ನುವಂಥ ಕಾರಣವನ್ನು ಕೋರ್ಟಿನಲ್ಲಿ ತೋರಿಸಬೇಕು.

ಉಳಿದವರೆಲ್ಲ, ಅಂದರೆ ಇದನ್ನು ಓದುತ್ತಿರುವ ಬಹುಪಾಲು ಜನ, ಆಸ್ತಿ ವರ್ಗಾವಣೆ ಕಾಯ್ದೆಗೆ ಸೇರುತ್ತೀರಿ. ಅಲ್ಲಿ ಕರಾರೇ ದೊಡ್ಡದು. ಕರಾರಿನಲ್ಲಿ ಇಲ್ಲದ ಕಡೆ ಮಾತ್ರ ಕಾಯ್ದೆ ಬಾಯಿ ಬಿಡುತ್ತದೆ.

ಪಿಜಿ, ಹಾಸ್ಟೆಲ್ ರೂಮಿನಲ್ಲಿ ಇರುವ ವಿದ್ಯಾರ್ಥಿಗಳು, ನರ್ಸುಗಳು ಒಂದು ಮಾತು ಗಮನಿಸಿ. ನಿಮ್ಮದು ಹೆಚ್ಚಿನ ಸಲ ಬಾಡಿಗೆದಾರರ ಹಕ್ಕಲ್ಲ, ಬರೀ ಉಳಿಯಲು ಕೊಟ್ಟ ಅನುಮತಿ. ರಕ್ಷಣೆ ಕಡಿಮೆ. ಹಾಗಾಗಿ ಅಡ್ವಾನ್ಸ್ ಯಾವಾಗ ವಾಪಸ್, ಎಷ್ಟು ದಿನ ಮೊದಲು ಹೇಳಬೇಕು, ಈ ಎರಡನ್ನಾದರೂ ಬರೆಸಿಕೊಂಡು ಸೇರಿ.

2. ಮನೆ ನೋಡಲು ಹೋದಾಗ

ನಮ್ಮ ಕರಾವಳಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಎಲ್ಲ ಮನೆಯೂ ಚೆಂದ ಕಾಣುತ್ತದೆ. ಸುಣ್ಣ ಹೊಡೆದಿರುತ್ತಾರೆ, ಅಂಗಳ ಗುಡಿಸಿರುತ್ತಾರೆ. ನೀವು ತಲೆ ಎತ್ತಿ ಮಾಡು ನೋಡಿ. ಹಂಚಿನ ಮನೆಯಾದರೆ ಪಕಾಸಿಗಳ ಮೇಲೆ ಕಪ್ಪಾಗಿ ನೀರಿಳಿದ ಗುರುತು ಇದೆಯಾ, ಸ್ಲ್ಯಾಬಿನ ಮನೆಯಾದರೆ ಮೂಲೆಯಲ್ಲಿ ಕಂದು ಬಣ್ಣದ ಉಂಗುರ ಮೂಡಿ ಅದರ ಮೇಲೆ ಹೊಸ ಸುಣ್ಣ ಬಳಿದಿದ್ದಾರಾ, ಪಡುವಣದ ಕಿಟಕಿ ಕೆಳಗಿನ ಗೋಡೆ ಉಬ್ಬಿದೆಯಾ ನೋಡಿ. ಜೂನ್ ಬಂದ ಮೇಲೆ ಇರಚಲು ಹೊಡೆಯುವುದು ಅಲ್ಲೇ. ಬಾವಿ ನೀರು ಅಂದರೆ ಬಾಯಿಗೆ ಹಾಕಿ ನೋಡಿ. ಕಾಳಿ ದಂಡೆಯ ಕಡೆ, ಕಡಲ ಹತ್ತಿರದ ಕಡೆ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಆಗ ಕುಡಿಯುವ ನೀರಿಗೆ ಏನು ವ್ಯವಸ್ಥೆ ಅಂತ ಅಲ್ಲೇ ಕೇಳಿ.

ಆಮೇಲೆ ಕಾಗದ. ಮನೆ ಯಾರ ಹೆಸರಲ್ಲಿದೆ ಅನ್ನುವುದಕ್ಕೆ ಪುರಸಭೆ ಅಥವಾ ಪಂಚಾಯಿತಿಯ ತೆರಿಗೆ ರಸೀತಿ ತೋರಿಸಿ ಅಂತ ಮೆತ್ತಗೆ ಕೇಳಿ. ಬಾಡಿಗೆ ಮಾತಾಡುತ್ತಿರುವವರು ಮಾಲೀಕರ ಅಣ್ಣನೋ ಅಳಿಯನೋ ಆಗಿದ್ದರೆ, ಮಾಲೀಕರು ಮುಂಬೈಯಲ್ಲೋ ದುಬೈಯಲ್ಲೋ ಇದ್ದರೆ, ಇವರಿಗೆ ಕೊಟ್ಟ ಅಧಿಕಾರ ಪತ್ರದ ಪ್ರತಿ ಬೇಕು. ಮಾಲೀಕರ ಒಂದು ವಾಟ್ಸಾಪ್ ಸಂದೇಶವಾದರೂ ಇರಲಿ. ಹಿಸ್ಸೆ ಆಗದ ಕೂಡುಕುಟುಂಬದ ಮನೆಯಲ್ಲಿ ಒಬ್ಬ ತಮ್ಮ ಬಾಡಿಗೆಗೆ ಕೊಟ್ಟು ಇನ್ನೊಬ್ಬ ತಮ್ಮ ಬಂದು "ಯಾರು ನೀವು" ಅಂತ ಕೇಳುವುದು ನಮ್ಮ ಕಡೆ ಹೊಸದೇನಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು, ಅತಿಕ್ರಮಣ ಜಾಗದ ಮನೆಗಳು. ಪಟ್ಟಾ ಇರುವುದಿಲ್ಲ, ಆದರೆ ಮನೆ ನಂಬರ್ ಇರುತ್ತದೆ, ಮೀಟರ್ ಇರುತ್ತದೆ. ಬಾಡಿಗೆಗೆ ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ನಿಮ್ಮ ಮತ್ತು ಮನೆ ಕೊಟ್ಟವರ ನಡುವಿನ ಕರಾರು ನಿಮ್ಮಿಬ್ಬರ ಮಟ್ಟಿಗೆ ನಡೆಯುತ್ತದೆ. ಆದರೆ ಅಂಥ ಕಡೆ ದೊಡ್ಡ ಡೆಪಾಸಿಟ್ ಕೊಡಬೇಡಿ. ತಿಂಗಳ ಬಾಡಿಗೆ ಇಲ್ಲದೆ ಲಕ್ಷಗಟ್ಟಲೆ ಕೊಟ್ಟು ಲೀಸಿಗೆ ಇರುವ ಮಾತು ಬಂದರಂತೂ ಬೇಡವೇ ಬೇಡ.

3. "ಎಂತಕ್ಕೆ ಕಾಗದ-ಗಿಗದ?"

ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ. ಬಾಡಿಗೆಗೆ ಬಂದ ಶಾಲೆಯ ಅಕ್ಕೋರು ಕರಾರು ಮಾಡಿಸೋಣ ಅಂದರೆ ಸಾಕು, "ಎಂತಕ್ಕೆ ಅಕ್ಕೋರೆ ಕಾಗದ-ಗಿಗದ, ನಾವೇನು ಹೊರಗಿನವರಾ?" ಅಂತ ಶುರುವಾಗುತ್ತದೆ.

ಇದು ಬರೀ ಸೋಮಾರಿತನ ಅಲ್ಲ. ಇದರ ಹಿಂದೆ ಒಂದು ಹಳೆ ಹೆದರಿಕೆ ಇದೆ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು, ಗೇಣಿಗೆ ಉಳುತ್ತಿದ್ದವರು ಡಿಕ್ಲರೇಶನ್ ಕೊಟ್ಟು ಜಮೀನು ತಮ್ಮದು ಮಾಡಿಕೊಂಡಿದ್ದು ಈ ಜಿಲ್ಲೆಯ ಮನೆಮನೆಗೂ ಗೊತ್ತು. ಕೆಲವರ ಅಜ್ಜಂದಿರು ಜಮೀನು ಕಳೆದುಕೊಂಡರು, ಕೆಲವರ ಅಜ್ಜಂದಿರಿಗೆ ಮೊದಲ ಸಲ ಸ್ವಂತ ಗದ್ದೆ ಸಿಕ್ಕಿತು. ಅಂದಿನಿಂದ "ಬರೆದು ಕೊಟ್ಟರೆ ಮನೆ ಹೋಯ್ತು, ಹನ್ನೆರಡು ವರ್ಷ ಇದ್ದರೆ ಅವರದೇ ಆಗುತ್ತದೆ" ಅನ್ನುವ ನಂಬಿಕೆ ಬೇರು ಬಿಟ್ಟಿದೆ. ಮನೆ ಬಾಡಿಗೆಗೆ ಇದು ಅನ್ವಯಿಸುವುದೇ ಇಲ್ಲ. ಭೂಸುಧಾರಣೆಯ ಗೇಣಿ ನಿಯಮ ಇದ್ದದ್ದು ಕೃಷಿ ಜಮೀನಿಗೆ. ಬಾಡಿಗೆದಾರ ಅಂತ ಒಳಗೆ ಬಂದವನು ಮಾಲೀಕನ ಹಕ್ಕನ್ನೇ ಅಲ್ಲಗಳೆಯುವ ಹಾಗಿಲ್ಲ ಅಂತ ಸಾಕ್ಷ್ಯ ಕಾನೂನೇ ಹೇಳುತ್ತದೆ. ಅಂದರೆ "ಇವರು ನನ್ನ ಬಾಡಿಗೆದಾರರು" ಅನ್ನುವ ಕಾಗದ ಓನರಿಗೇ ಹೆಚ್ಚು ಭದ್ರ. ಕಾಗದ ಇಲ್ಲದಿದ್ದರೆ ಅವರಿಗೇ ಕಷ್ಟ. ನೀವು ಓನರ್ ಹತ್ತಿರ ಮಾತು ಶುರು ಮಾಡಬೇಕಾದ್ದು ಇಲ್ಲಿಂದ: "ಇದು ನಿಮ್ಮ ಸಲುವಾಗಿಯೂ ಒಳ್ಳೇದು ಹೆಗಡೇರೆ, ನಾಳೆ ಯಾರಾದರೂ ಕೇಳಿದರೆ ನಾನು ಬಾಡಿಗೆಗೆ ಇರುವವನು ಅಂತ ನನ್ನ ಸಹಿಯೇ ಇರುತ್ತದಲ್ಲ."

ಹನ್ನೊಂದು ತಿಂಗಳ ಕರಾರು ಯಾಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಲೇಬೇಕು. ಅದನ್ನು ತಪ್ಪಿಸಲು ಹನ್ನೊಂದು ತಿಂಗಳು. ಅದರಲ್ಲಿ ತಪ್ಪೇನಿಲ್ಲ. ಆದರೆ ಮೂರು ವರ್ಷ ಅಂತ ಬರೆದು ರಿಜಿಸ್ಟರ್ ಮಾಡಿಸದೆ ಇಟ್ಟುಕೊಂಡರೆ ಕೆಲಸ ಕೆಡುತ್ತದೆ. ಆ ಮೂರು ವರ್ಷದ ಮಾತಿಗೆ ಕೋರ್ಟು ಬೆಲೆ ಕೊಡುವುದಿಲ್ಲ, ತಿಂಗಳಿಂದ ತಿಂಗಳಿಗೆ ಬಾಡಿಗೆ ಅಂತ ಹಿಡಿಯುತ್ತದೆ. ಆಗ 15 ದಿನದ ನೋಟಿಸು ಸಾಕು ನಿಮ್ಮನ್ನು ಬಿಡಿ ಅನ್ನಲು. ಅಂಗಡಿಗೆ ಒಳಗೆ ಕಪಾಟು, ಗಾಜು, ಫ್ಲೋರಿಂಗ್ ಅಂತ ಖರ್ಚು ಮಾಡುವವರು ಇದನ್ನು ಎರಡು ಸಲ ಓದಿಕೊಳ್ಳಿ. ನಿಮಗೆ ಉದ್ದದ ಅವಧಿ ಬೇಕೇ ಬೇಕು ಅಂದರೆ ರಿಜಿಸ್ಟರ್ ಖರ್ಚು ಉಳಿಸಬೇಡಿ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಿ, ಸಮಯ ತೆಗೆದುಕೊಂಡು ಕಚೇರಿಗೆ ಹೋದರಾಯಿತು.

ಕರಾರಿಗೆ ಇ-ಸ್ಟ್ಯಾಂಪ್ ಬೇಕು, ಈಗ ಅದು ಎಲ್ಲಿ ಸಿಗುತ್ತದೆ ಅಂತ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಎಷ್ಟರ ಸ್ಟ್ಯಾಂಪ್ ಅನ್ನುವುದು ಬಾಡಿಗೆ, ಡೆಪಾಸಿಟ್, ಅವಧಿ ನೋಡಿ ನಿಗದಿ ಆಗುತ್ತದೆ, ಆದ್ದರಿಂದ "ಎಲ್ಲರೂ ನೂರರದ್ದು ಮಾಡ್ತಾರೆ" ಅಂತ ಸುಮ್ನೆ ಮಾಡಿಸಬೇಡಿ, ಲೆಕ್ಕ ಹಾಕಿ ಹೇಳಿ ಅಂತ ಕೇಳಿ. ಟೈಪ್ ಮಾಡುವವರ ಹತ್ತಿರ ಒಂದು ಸಿದ್ಧ ನಮೂನೆ ಇರುತ್ತದೆ. ಅದರಲ್ಲಿ ಬಾಡಿಗೆದಾರರು ಏನೇನು ಮಾಡಬಾರದು ಅನ್ನುವುದೇ ಮುಕ್ಕಾಲು ಪುಟ. ಅದನ್ನು ಹಾಗೇ ಒಪ್ಪಬೇಡಿ. ಮಾದರಿ ಕಾಯ್ದೆಯಿಂದ ಈ ಮಾತುಗಳನ್ನು ಎತ್ತಿ ಸೇರಿಸಿ:

– ಡೆಪಾಸಿಟ್ ಎಷ್ಟು, ಮನೆ ಬಿಟ್ಟ ಎಷ್ಟು ದಿನದೊಳಗೆ ವಾಪಸ್. ಮಾದರಿ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಅಂಗಡಿಗೆ ಆರು ತಿಂಗಳ ಬಾಡಿಗೆ ಮಿತಿ. ನಮ್ಮ ಕಡೆ ಎರಡು ತಿಂಗಳಿಗೆ ಒಪ್ಪುವವರು ಕಮ್ಮಿ, ಚೌಕಾಶಿ ಮಾಡಿ.
– ಬಾಡಿಗೆ ಏರಿಸುವುದಾದರೆ ಮೂರು ತಿಂಗಳು ಮೊದಲು ಬರೆದು ತಿಳಿಸಬೇಕು. ಎಷ್ಟು ಶೇಕಡ ಅಂತಲೂ ಈಗಲೇ ಹಾಕಿಸಿ.
– ಮನೆಯೊಳಗೆ ಬರುವುದಾದರೆ 24 ಗಂಟೆ ಮೊದಲು ತಿಳಿಸಬೇಕು, ಸಂಜೆ ಹೊತ್ತು ಮುಳುಗಿದ ಮೇಲೆ ಬರಬಾರದು. ಹಿಂದಿನ ಬಾಗಿಲಿಂದ ತೆಂಗಿನಕಾಯಿ ತೆಗೆಯಲು ಬರುವುದು, ಅಟ್ಟದ ಮೇಲಿನ ಸಾಮಾನು ತೆಗೆಯಲು ಬರುವುದು, ಇದೂ ಸೇರಿತು ಅಂತ ಬಾಯಿಬಿಟ್ಟು ಹೇಳಿ. ಒಂಟಿ ಹೆಣ್ಣುಮಕ್ಕಳಿಗೆ ಈ ಒಂದು ಸಾಲು ಬಹಳ ನೆಮ್ಮದಿ ಕೊಡುತ್ತದೆ.
– ನೀರು, ಕರೆಂಟ್, ದಾರಿ ಯಾವುದನ್ನೂ ಜಗಳದ ಕಾರಣಕ್ಕೆ ನಿಲ್ಲಿಸುವ ಹಾಗಿಲ್ಲ.
– ಮನೆ ಮಾರಿದರೆ ಡೆಪಾಸಿಟ್ ವಾಪಸ್ ಕೊಡುವ ಜವಾಬ್ದಾರಿ ಯಾರದು.
– ರಿಪೇರಿ ಯಾರದು ಯಾವುದು. ಇದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಓನರ್ ಪರವಾಗಿರುವ ಷರತ್ತೂ ಮಾದರಿ ಕಾಯ್ದೆಯಲ್ಲಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅವಧಿ ಮುಗಿದ ಮೇಲೂ ಬಿಡದೆ ಕೂತರೆ ಮೊದಲ ಎರಡು ತಿಂಗಳು ದುಪ್ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ನೀವು ನಿಮಗೆ ಬೇಕಾದ ಷರತ್ತು ಕೇಳುವಾಗ ಅವರು ಇದನ್ನು ಕೇಳಿದರೆ ಅದು ನ್ಯಾಯವೇ. ನಾಲ್ಕು ಪಟ್ಟು ಬೇಡ, ದುಪ್ಪಟ್ಟಿಗೆ ನಿಲ್ಲಿಸಿ ಅನ್ನಿ.

ಗೋಕರ್ಣ, ಮುರ್ಡೇಶ್ವರದ ಕಡೆ ಇರುವವರು ಅವಧಿಯ ಸಾಲನ್ನು ಜಾಸ್ತಿ ಹುಷಾರಾಗಿ ಬರೆಸಿ. ಮಳೆಗಾಲದಲ್ಲಿ ಬಾಡಿಗೆಗೆ ಕೊಟ್ಟು, ನವೆಂಬರ್ ಬರುತ್ತಿದ್ದ ಹಾಗೆ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡಬಹುದು ಅಂತ "ಸ್ವಲ್ಪ ಬಿಟ್ಟುಕೊಡಿ" ಅನ್ನುವವರಿದ್ದಾರೆ. ಹನ್ನೊಂದು ತಿಂಗಳು ಅಂತ ಇದ್ದು, ನಡುವೆ ಬಿಡಿಸುವ ಷರತ್ತು ಇಲ್ಲದಿದ್ದರೆ, ನೀವು ಬಾಡಿಗೆ ಸರಿಯಾಗಿ ಕೊಡುತ್ತಿರುವ ತನಕ ನಡುವೆ ಎಬ್ಬಿಸಲು ಬರುವುದಿಲ್ಲ. ಆದರೆ ಬಹಳ ಕರಾರುಗಳಲ್ಲಿ "ಒಂದು ತಿಂಗಳ ನೋಟಿಸು ಕೊಟ್ಟು ಯಾರು ಬೇಕಾದರೂ ಮುಗಿಸಬಹುದು" ಅಂತ ಒಂದು ಸಾಲು ಕೆಳಗೆಲ್ಲೋ ಕೂತಿರುತ್ತದೆ. ಅದನ್ನು ಹುಡುಕಿ. ನಿಮಗೆ ಒಂದು ತಿಂಗಳು, ಓನರಿಗೆ ಮೂರು ತಿಂಗಳು ಅಂತ ಬದಲಾಯಿಸಿ ನೋಡಿ.

ಓನರ್ ಯಾವ ಕಾರಣಕ್ಕೂ ಬರೆದು ಕೊಡುವುದಿಲ್ಲ ಅಂದರೆ? ಬಾಯಿಮಾತಿನ ಬಾಡಿಗೆಯೂ ಕಾನೂನಿನಲ್ಲಿ ನಡೆಯುತ್ತದೆ, ನೀವು ಅನಾಥರಲ್ಲ. ಆದರೆ ಸಾಕ್ಷಿ ನೀವೇ ಮಾಡಿಟ್ಟುಕೊಳ್ಳಬೇಕು. ಮನೆಗೆ ಹೋದ ದಿನವೇ ವಾಟ್ಸಾಪ್‌ನಲ್ಲಿ ಹೀಗೆ ಕಳಿಸಿ: "ನಮಸ್ಕಾರ. ಇಂದಿನಿಂದ ನಿಮ್ಮ ಮನೆಯಲ್ಲಿ ತಿಂಗಳಿಗೆ ಇಷ್ಟು ಬಾಡಿಗೆಗೆ ಇದ್ದೇವೆ, ಡೆಪಾಸಿಟ್ ಇಷ್ಟು ಕೊಟ್ಟಿದ್ದೇವೆ, ಮನೆ ಬಿಡುವಾಗ ವಾಪಸ್ ಕೊಡುವುದಾಗಿ ಮಾತಾಗಿದೆ." ಅವರು ಒಂದು ಹೆಬ್ಬೆರಳು ಒತ್ತಿದರೂ ಸಾಕು. ಫೋನ್ ಬದಲಾಯಿಸುವಾಗ ಆ ಮಾತುಕತೆ ಅಳಿಸಿಹೋಗದ ಹಾಗೆ ನೋಡಿಕೊಳ್ಳಿ.

4. ದುಡ್ಡು ಕೊಡುವಾಗ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಬಾಡಿಗೆ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಹೋಗಲಿ, ಟಿಪ್ಪಣಿಯ ಜಾಗದಲ್ಲಿ "ಮೇ ಬಾಡಿಗೆ" ಅಂತ ಬರೆಯಿರಿ. ನಗದೇ ಬೇಕು ಅಂದರೆ ಒಂದು ನೋಟುಪುಸ್ತಕ ಇಟ್ಟು ಪ್ರತಿ ತಿಂಗಳು ಸಹಿ ಹಾಕಿಸಿ. ಡೆಪಾಸಿಟ್ ಮಾತ್ರ ಯಾವ ಕಾರಣಕ್ಕೂ ರಸೀತಿ ಇಲ್ಲದೆ ಕೈಗೆ ಕೊಡಬೇಡಿ. ಓನರ್ ಸಿಟ್ಟಿನಲ್ಲಿ "ನಿಮ್ಮ ಬಾಡಿಗೆ ನನಗೆ ಬೇಡ" ಅಂದರೆ ಸಂತೋಷಪಟ್ಟು ಸುಮ್ಮನಿರಬೇಡಿ. ನಾಳೆ ಅದೇ ಬಾಕಿ ಅಂತ ಎಣಿಸುತ್ತಾರೆ. ಖಾತೆಗೆ ಹಾಕಿ, ಹಾಕಿದ್ದೇನೆ ಅಂತ ತಿಳಿಸಿ.

5. ಮಳೆ, ಸೋರಿಕೆ, ರಿಪೇರಿ

ನಮ್ಮ ಜಿಲ್ಲೆಯಲ್ಲಿ ಬಾಡಿಗೆ ಜಗಳ ಅಂದರೆ ಅರ್ಧಕ್ಕರ್ಧ ಮಳೆಯ ಜಗಳ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಒಂದು ಉಪಯೋಗದ ಮಾತಿದೆ. ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ನೀವು ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ನೀವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. "ಮಾಡಿಸಬೇಕಾದ" ಅನ್ನುವುದಕ್ಕೆ ಒತ್ತು. ಯಾವುದು ಅವರು ಮಾಡಿಸಬೇಕಾದ್ದು ಅಂತ ಕರಾರಿನಲ್ಲಿ ಇಲ್ಲದಿದ್ದರೆ ಅಲ್ಲೇ ವಾದ ಹುಟ್ಟುತ್ತದೆ.

ಅದಕ್ಕೆ ಮಾದರಿ ಕಾಯ್ದೆಯ ಹಂಚಿಕೆಯನ್ನು ಹಾಗೇ ಬರೆಸಿ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗೆ ಬಣ್ಣ, ಪೈಪು ಬದಲಾಯಿಸುವುದು, ವೈರಿಂಗ್, ಇಷ್ಟು ಓನರದ್ದು. ನಲ್ಲಿಯ ವಾಷರ್, ಕಟ್ಟಿದ ಚರಂಡಿ ಬಿಡಿಸುವುದು, ಸ್ವಿಚ್ಚು-ಸಾಕೆಟ್ಟು, ಒಡೆದ ಗಾಜು, ಬೀಗ-ಹಿಡಿಕೆ, ಇವು ನಿಮ್ಮದು. ಇದಕ್ಕೆ ನಮ್ಮ ಊರಿನ ಎರಡು ಮಾತು ಸೇರಿಸಿ: ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವುದು ಓನರ ಖರ್ಚು, ಬಾವಿಯ ಪಂಪು ಸುಟ್ಟರೆ ಯಾರ ಖರ್ಚು ಅನ್ನುವುದು ಮೊದಲೇ ತೀರ್ಮಾನ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ಕಿಟಕಿ ಸರಳು, ಗೇಟು ತುಕ್ಕು ಹಿಡಿಯುವುದು ನಿಮ್ಮ ತಪ್ಪಲ್ಲ ಅಂತಲೂ ಒಂದು ಸಾಲು ಇರಲಿ. ಡೆಪಾಸಿಟ್ ಮುರಿಯುವಾಗ ಮೊದಲು ಬೆರಳು ತೋರಿಸುವುದು ಅದಕ್ಕೇ.

ತಿಳಿಸುವುದು ಹೇಗೆ? ಬಾಯಲ್ಲಿ ಹೇಳಿ, ಜೊತೆಗೆ ಬರೆದೂ ಕಳಿಸಿ. ಸೋರುವ ಜಾಗದ ಫೋಟೋ, ಕೆಳಗೆ ಇಟ್ಟ ಬಕೆಟ್ಟು ಕಾಣುವ ಹಾಗೆ ತೆಗೆಯಿರಿ. ಸಂದೇಶ ಹೀಗಿರಲಿ:

"ನಮಸ್ಕಾರ. ಜೂನ್ 12ರಿಂದ ಅಡುಗೆಮನೆ ಮಾಡು ಸೋರುತ್ತಿದೆ, ಫೋಟೋ ಕಳಿಸಿದ್ದೇನೆ. ಕರಾರಿನ ಪ್ರಕಾರ ಇದು ನೀವು ಮಾಡಿಸಬೇಕಾದ ರಿಪೇರಿ. ದಯವಿಟ್ಟು ಹತ್ತು ದಿನದೊಳಗೆ ಮಾಡಿಸಿ. ಆಗದಿದ್ದರೆ ನಾನೇ ಮಾಡಿಸಿ, ಬಿಲ್ ತೋರಿಸಿ, ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ."

ಖರ್ಚು ದೊಡ್ಡದಾಗುವಂತಿದ್ದರೆ ಇಬ್ಬರು ಗೌಂಡಿಗಳ ಹತ್ತಿರ ಅಂದಾಜು ಕೇಳಿ, ಅದನ್ನೂ ಕಳಿಸಿ. ಆಗ "ಐನೂರರ ಕೆಲಸಕ್ಕೆ ಐದು ಸಾವಿರ ಹಾಕಿದ" ಅನ್ನುವ ಮಾತು ಬರುವುದಿಲ್ಲ. ಪೂರ್ತಿ ಬಾಡಿಗೆ ನಿಲ್ಲಿಸಿ ಕೂರುವುದು ಬೇಡ, ನೀವು ಸರಿ ಇದ್ದೂ ತಪ್ಪಿನಲ್ಲಿ ಸಿಗುತ್ತೀರಿ.

ಮನೆಗೆ ನೆರೆ ನುಗ್ಗಿದರೆ ಬೇರೆಯೇ ಲೆಕ್ಕ. 2019ರ ಆಗಸ್ಟ್‌ನಲ್ಲಿ ಕದ್ರಾ ಕಡೆ, ಗಂಗಾವಳಿ ದಂಡೆಯಲ್ಲಿ ಏನಾಯಿತು ಅಂತ ಹೇಳಬೇಕಾಗಿಲ್ಲ ಅಲ್ವಾ. ನೆರೆ, ಬಿರುಗಾಳಿ, ಬೆಂಕಿಯಿಂದ ಮನೆಯ ಮುಖ್ಯ ಭಾಗ ಹಾಳಾಗಿ ಇನ್ನು ವಾಸಕ್ಕೆ ಬಾರದ ಹಾಗಾದರೆ, ಬಾಡಿಗೆ ಕರಾರನ್ನು ಮುರಿಯುವ ಹಕ್ಕು ಬಾಡಿಗೆದಾರರಿಗೆ ಅದೇ 108ನೇ ಕಲಮಿನಲ್ಲಿ ಇದೆ. "ಅವಧಿ ಮುಗಿದಿಲ್ಲ, ಬಾಡಿಗೆ ಕೊಡಿ" ಅಂತ ಹಿಡಿದುಕೊಳ್ಳುವ ಹಾಗಿಲ್ಲ. ನಿಮ್ಮ ಪಾತ್ರೆ-ಬಟ್ಟೆ ಹಾಳಾಗಿದ್ದಕ್ಕೆ ಸರ್ಕಾರದ ಪರಿಹಾರ ಕೇಳುವಾಗ ಅಲ್ಲಿ ವಾಸ ಇದ್ದವರು ನೀವೇ ಅನ್ನುವುದಕ್ಕೆ ಕರಾರಿನ ಪ್ರತಿ ಬೇಕಾಗುತ್ತದೆ, ಅದರ ಫೋಟೋ ಫೋನಿನಲ್ಲೂ ಇರಲಿ.

6. ಕರೆಂಟು, ಗೃಹಜ್ಯೋತಿ

ಮೀಟರಿನ ಆರ್.ಆರ್. ನಂಬರ್ ಮೊದಲ ದಿನವೇ ಬರೆದುಕೊಳ್ಳಿ. ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ, ಬಾಡಿಗೆದಾರರಿಗೂ ಇದೆ, ತಿಂಗಳಿಗೆ ಗರಿಷ್ಠ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆ ನೋಡಿ. ಹಿಂದೆ ಇದ್ದವರ ಆಧಾರ್ ಆ ಆರ್.ಆರ್. ನಂಬರಿಗೆ ಅಂಟಿಕೊಂಡಿದ್ದರೆ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ. 2024ರ ಆಗಸ್ಟ್‌ನಿಂದ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಡಿ-ಲಿಂಕ್ ಮಾಡುವ, ಅಂದರೆ ಆಧಾರ್ ಬಿಡಿಸುವ ಸೌಲಭ್ಯ ಇದೆ. ಹಳಬರಿಗೆ ಫೋನ್ ಮಾಡಿ ಮಾಡಿಸಿ, ಆಗದಿದ್ದರೆ ಹೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ.

ಒಂದೇ ಮೀಟರಿನಲ್ಲಿ ಎರಡು-ಮೂರು ಬಿಡಾರ ಇರುವ ಕಡೆ ಒಂದು ಚಾಲಾಕಿತನ ನಡೆಯುತ್ತದೆ. ಬಿಲ್ ಸೊನ್ನೆ ಬಂದಿರುತ್ತದೆ, ಒಳಗಿನ ಸಬ್‌ಮೀಟರ್ ಲೆಕ್ಕದಲ್ಲಿ ಬಾಡಿಗೆದಾರರಿಂದ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಬೇರೆ. ಪ್ರತಿ ತಿಂಗಳ ಹೆಸ್ಕಾಂ ಬಿಲ್ಲಿನ ಫೋಟೋ ಕಳಿಸಿ ಅಂತ ಕೇಳಿ. ಕೇಳಲು ನಾಚಿಕೆ ಬೇಡ.

ಜಗಳ ಆದಾಗ ಕರೆಂಟ್ ತೆಗೆಸುತ್ತೇನೆ ಅಂತ ಹೆದರಿಸಿದರೆ ಇದು ನೆನಪಿರಲಿ: ಕರೆಂಟು ಮೂಲಭೂತ ಅಗತ್ಯ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಅನ್ನುವ ಕಾರಣಕ್ಕೆ ಬಾಡಿಗೆದಾರರಿಗೆ ಸಂಪರ್ಕ ನಿರಾಕರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ವಿದ್ಯುತ್ ಕಾಯ್ದೆಯೂ ಸಂಪರ್ಕ ಕೇಳುವ ಹಕ್ಕನ್ನು ಮಾಲೀಕರಿಗೆ ಮಾತ್ರ ಅಲ್ಲ, ಜಾಗದಲ್ಲಿ ವಾಸ ಇರುವವರಿಗೂ ಕೊಟ್ಟಿದೆ.

7. "ಮನೆ ಬಿಡಿ" ಅಂದಾಗ

ಮೊದಲು ಗಾಬರಿ ಬೇಡ. ಫೋನಿನಲ್ಲಿ ಹೇಳಿದ್ದು ನೋಟಿಸಲ್ಲ. ತಿಂಗಳ ಬಾಡಿಗೆಗೆ ಕನಿಷ್ಠ 15 ದಿನದ, ಬರಹದಲ್ಲಿರುವ, ಸಹಿ ಇರುವ ನೋಟಿಸು ಬೇಕು. ಕರಾರಿನಲ್ಲಿ ಬೇರೆ ಅವಧಿ ಇದ್ದರೆ ಅದು. ನೋಟಿಸಿನ ದಿನ ಮುಗಿದ ಮೇಲೂ ನೀವು ಬಿಡದಿದ್ದರೆ ಓನರ್ ಕೋರ್ಟಿಗೆ ಹೋಗಬೇಕು, ಆದೇಶ ತರಬೇಕು. ತಾವೇ ಬೀಗ ಹಾಕುವುದು, ಸಾಮಾನು ಅಂಗಳಕ್ಕೆ ಎಸೆಯುವುದು, ಹಂಚು ತೆಗೆಸುವುದು ಯಾವುದಕ್ಕೂ ಅವರಿಗೆ ಅಧಿಕಾರ ಇಲ್ಲ.

ಹಾಗೆ ಬಲವಂತವಾಗಿ ಹೊರಗೆ ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮು ನಿಮ್ಮ ಕೈಯಲ್ಲಿದೆ. ಮನೆ ಯಾರದ್ದು ಅನ್ನುವ ಚರ್ಚೆಗೇ ಹೋಗದೆ, ಕಾನೂನು ಬಿಟ್ಟು ಹೊರಗೆ ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಮನೆ ವಾಪಸ್ ಕೇಳಬಹುದು. ಆದರೆ ಆರು ತಿಂಗಳೊಳಗೆ ದಾವೆ ಹೂಡಬೇಕು. ಸಂಬಂಧಿಕರ ಪಂಚಾಯ್ತಿ ಅಂತ ದಿನ ತಳ್ಳಿ ಈ ಆರು ತಿಂಗಳು ಕಳೆದುಕೊಳ್ಳಬೇಡಿ.

ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ" ಅನ್ನುವ ಉತ್ತರ ಸಿಗಬಹುದು. ಬಾಡಿಗೆ, ಡೆಪಾಸಿಟ್ ಸಿವಿಲ್ ಹೌದು. ಆದರೆ ಬೆದರಿಕೆ ಹಾಕಿದ್ದು, ಬಾಗಿಲಿಗೆ ಅಡ್ಡ ನಿಂತಿದ್ದು, ಮನೆಗೆ ನುಗ್ಗಿದ್ದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ದೂರಿನಲ್ಲಿ ಬಾಡಿಗೆ ಪುರಾಣ ಬರೆಯಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಮಾಡಿದರು ಅಷ್ಟೇ ಬರೆಯಿರಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಅಥವಾ ಹಿಂಬರಹ ಕೇಳಿ ತೆಗೆದುಕೊಳ್ಳಿ. ಆ ಹೊತ್ತಿನಲ್ಲೇ ಗಲಾಟೆ ನಡೆಯುತ್ತಿದ್ದರೆ 112.

ಮನೆ ಮಾರಿದರು, ಹೊಸ ಮಾಲೀಕರು ಬಂದು ನಾಳೆಯೇ ಖಾಲಿ ಮಾಡಿ ಅಂದರು ಅಂದುಕೊಳ್ಳಿ. ಹಳಬರ ಜಾಗದಲ್ಲಿ ಹೊಸಬರು ನಿಂತರು ಅಷ್ಟೇ, ನಿಮ್ಮ ಬಾಡಿಗೆ ಅವಧಿ ಹಾಗೇ ಮುಂದುವರಿಯುತ್ತದೆ. ಮುಂದಿನ ಬಾಡಿಗೆ ಯಾರಿಗೆ ಅಂತ ಹಳೆ ಮಾಲೀಕರಿಂದ ಬರಹದಲ್ಲಿ ತೆಗೆದುಕೊಂಡು ಆಮೇಲೆ ಕೊಡಿ, ಡೆಪಾಸಿಟ್ ಹೊಸಬರಿಗೆ ದಾಟಿದೆಯಾ ಅಂತಲೂ ಅದರಲ್ಲೇ ಬರೆಸಿ.

ಒಂದು ಕಹಿ ಸತ್ಯವನ್ನೂ ಹೇಳಬೇಕು. ಬಾಡಿಗೆ ಕಾಯ್ದೆಯ ಮಿತಿ ಮೀರಿದ ಮನೆಯಲ್ಲಿ, ಅವಧಿ ಮುಗಿದ ಮೇಲೆ, ಓನರ್ ಸರಿಯಾದ ನೋಟಿಸು ಕೊಟ್ಟು ಕೋರ್ಟಿಗೆ ಹೋದರೆ ಕಾರಣ ತೋರಿಸಬೇಕಾಗಿಲ್ಲ. ನೀವು ಹೋರಾಡಿ ಗೆಲ್ಲುವುದು ಹೆಚ್ಚೆಂದರೆ ಸ್ವಲ್ಪ ಸಮಯ. ಹಾಗಾಗಿ ಮಕ್ಕಳ ಶಾಲೆ ಮುಗಿಯುವ ಮಾರ್ಚ್-ಏಪ್ರಿಲ್ ತನಕ ಸಮಯ ಕೊಡಿ, ಆ ದಿನ ಡೆಪಾಸಿಟ್ ಪೂರ್ತಿ ಕೊಡಿ ಅಂತ ಬರೆದುಕೊಂಡು ರಾಜಿ ಆಗುವುದು ಎಷ್ಟೋ ಸಲ ಒಳ್ಳೆಯ ದಾರಿ.

8. ವಕೀಲರ ಫೀಸು ಕೊಡಲು ಆಗದಿದ್ದರೆ

ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕುಗಳಲ್ಲಿ ತಾಲೂಕು ಕಾನೂನು ಸೇವಾ ಸಮಿತಿ, ಎರಡಕ್ಕೂ ಕೋರ್ಟಿಗೇ ಹೋಗಿ ವಿಚಾರಿಸಿದರಾಯಿತು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರಿಗೂ ಹಾಗೇ. ಉಳಿದವರಿಗೆ ಆದಾಯ ಮಿತಿ ಇದೆ. ಫೋನಿನಲ್ಲಿ ಕೇಳುವುದಾದರೆ 15100. ಡೆಪಾಸಿಟ್ ಜಗಳಕ್ಕೆ ಲೋಕ ಅದಾಲತ್ ಚೆನ್ನಾಗಿ ಹೊಂದುತ್ತದೆ. ಕೋರ್ಟ್ ಶುಲ್ಕ ಇಲ್ಲ, ಇಬ್ಬರೂ ಒಪ್ಪಿ ಆದ ತೀರ್ಮಾನ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ.

9. ಮನೆ ಬಿಡುವ ದಿನ

"ಕೊನೆಯ ಎರಡು ತಿಂಗಳು ಡೆಪಾಸಿಟ್‌ನಲ್ಲೇ ಮುರ್ಕೊಳ್ಳಿ" ಅನ್ನುವುದು ರೂಢಿಯಲ್ಲಿದೆ, ಓನರ್ ಬರಹದಲ್ಲಿ ಒಪ್ಪಿದರೆ ಮಾತ್ರ ಹಾಗೆ ಮಾಡಿ. ಸಾಮಾನು ಖಾಲಿ ಮಾಡಿದ ಮೇಲೆ ಓನರನ್ನು ಕರೆದು ಒಂದೊಂದೇ ಕೋಣೆ ತೋರಿಸುತ್ತ ವಿಡಿಯೋ ಮಾಡಿ. ಮನೆಗೆ ಬಂದ ದಿನವೂ ಇದನ್ನೇ ಮಾಡಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು. ಬಣ್ಣ ಮಾಸಿದ್ದು, ಮಳೆಗೆ ಗೋಡೆ ಪಾಚಿ ಹಿಡಿದದ್ದು ದಿನನಿತ್ಯದ ಬಳಕೆಯ ಸವಕಳಿ, ಅದಕ್ಕೆ ಡೆಪಾಸಿಟ್ ಮುರಿಯುವುದು ಸರಿಯಲ್ಲ. ಪೇಂಟಿಗೆ ಒಂದು ತಿಂಗಳ ಬಾಡಿಗೆ ಅಂತ ಕರಾರಿನಲ್ಲಿ ನೀವೇ ಒಪ್ಪಿದ್ದರೆ ಮಾತ್ರ ಕೊಡಬೇಕು.

ಕೀಲಿ ಕೊಟ್ಟಿದ್ದಕ್ಕೆ ಒಂದು ಸಾಲಿನ ಬರಹ ತೆಗೆದುಕೊಳ್ಳಿ. "ಮುಂದಿನ ವಾರ ಡೆಪಾಸಿಟ್ ಹಾಕ್ತೇನೆ" ಅಂದರೆ ಆ ತಾರೀಕನ್ನೂ ಅದರಲ್ಲೇ ಬರೆಸಿ. ತಾರೀಕು ದಾಟಿದರೆ ಒಂದು ನೋಟಿಸು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಹಳೆಯ ಸಲಹೆ ಕೇಳಿಕೊಂಡು ಅಂಚೆ ಕಚೇರಿಯಲ್ಲಿ ಅದನ್ನು ಹುಡುಕಬೇಡಿ. ಹಣ ವಸೂಲಿಗೆ ದಾವೆ ಹಾಕಲು ಮೂರು ವರ್ಷ ಸಮಯ ಇದೆ, ಆದರೆ ಅಷ್ಟು ದಿನ ಕಾಯುವ ಅಗತ್ಯ ಇಲ್ಲ, ಮೊದಲು ಲೋಕ ಅದಾಲತ್‌ಗೆ ಅರ್ಜಿ ಕೊಡಿ. ಹೊರಡುವ ಮೊದಲು ಮೀಟರ್ ರೀಡಿಂಗಿನ ಫೋಟೋ ತೆಗೆದು, ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಮನೆಯ ಮೀಟರಿಗೆ ಅರ್ಜಿ ಹಾಕುವಾಗ ಅದು ಅಲ್ಲೇ ಸಿಕ್ಕಿಕೊಂಡಿರುತ್ತದೆ.